ಕೈಮೇಲಿನ ಹೆಸರು

ನನ್ನ ಗಂಡನ ಹೆಸರನ್ನು ಈ ಕಥೆಯಲ್ಲಿ ಹೇಳುತ್ತೇನೆ. ಆದರೆ ಅದರ ಸರದಿ ಬಂದಾಗ. ಆ ಹೆಸರು ನನ್ನ ನಾಲಿಗೆಗೆ ಬರಲು ವರ್ಷಗಳೇ ಹಿಡಿದವು. ನೀವು ಒಂದೆರಡು ಪುಟ ತಡೆದರೆ ಏನೂ ಕಳೆದುಕೊಳ್ಳುವುದಿಲ್ಲ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಎತ್ತುವುದಿಲ್ಲ. ಎತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಮದುವೆಯಲ್ಲೋ ಕುಬುಸದ ಕಾರ್ಯದಲ್ಲೋ ಗೆಳತಿಯರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಒಂದು ಒಡಪು ಕಟ್ಟಿ, ಪ್ರಾಸದ ಸಂದಿಯಲ್ಲಿ ಹೆಸರನ್ನು ತುರುಕಿ, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡುತ್ತೇವೆ. ಅಷ್ಟೇ. ಉಳಿದಂತೆ ‘ಇವರು’, ‘ನಮ್ಮ ಮನೆಯವರು’. ರೇಷನ್ ಅಂಗಡಿಯವನು ಕೇಳಿದರೆ ಪಕ್ಕದಲ್ಲಿ ನಿಂತವರ ಮುಖ ನೋಡುತ್ತೇವೆ, ಅವರು ಹೇಳಿಬಿಡುತ್ತಾರೆ. ನನ್ನ ಅತ್ತೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಓಣಿಯಲ್ಲಿ ಮಾವನ ಹೆಸರಿನ ಇನ್ನೊಬ್ಬ ಮುದುಕನಿದ್ದ. ಅವನು ಬಂದರೆ ಅತ್ತೆ, “ನಮ್ಮ ಮನಿಯವರ ಹೆಸರಿನಾಂವ ಬಂದಾನ ನೋಡ,” ಎಂದು ಒಳಗೆ ಕೂಗಿ ಹೇಳುತ್ತಿದ್ದರು. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಕಡಿಮೆಯಾಗಲು ಆಯುಷ್ಯವೇ ಉಳಿದಿರಲಿಲ್ಲ. ಆದರೂ ರೂಢಿ ಬಿಡುವವರಲ್ಲ ಅವರು.

ನಾನು ಕಾಂಚನ. ತವರು ಗಡಹಿಂಗ್ಲಜ ಹತ್ತಿರದ ಹಳ್ಳಿ. ಸಂಕೇಶ್ವರದ ಸೋದರಮಾವನ ಮನೆಯಲ್ಲಿದ್ದು ಏಳನೆಯ ತನಕ ಕನ್ನಡ ಶಾಲೆ ಕಲಿತವಳು. ಎಪ್ಪತ್ತೈದರ ಬೇಸಿಗೆಯಲ್ಲಿ ಇಚಲಕರಂಜಿ ಪಕ್ಕದ ಕಬನೂರಿಗೆ ಸೊಸೆಯಾಗಿ ಬಂದೆ. ನಮ್ಮದು ಜೈನರ ಮನೆ. ಹಿಂದೆ ಬರೀ ಹೊಲ ಮಾಡುತ್ತಿದ್ದವರು, ಊರೆಲ್ಲ ಮಗ್ಗ ಹಾಕತೊಡಗಿದಾಗ ತಾವೂ ಹಾಕಿದ್ದರು. ಮನೆಗೆ ಹತ್ತಿಕೊಂಡೇ ತಗಡಿನ ಶೆಡ್ಡು. ಅಲ್ಲಿ ಕರೆಂಟಿನ ಮಗ್ಗಗಳು ಶುರುವಾದವೆಂದರೆ ಅಡುಗೆಮನೆಯ ಡಬ್ಬಿಗಳೂ ಕುಣಿಯುತ್ತಿದ್ದವು. ಮನೆಯಲ್ಲಿ ಅತ್ತೆ, ಭಾವ ಬಾಳಗೊಂಡ, ಅವರ ಹೆಂಡತಿ ಮಕ್ಕಳು. ನಮ್ಮ ಮನೆಯವರು ಮಾತ್ರ ವಿಲಾಯತಿಯಲ್ಲಿ, ಬ್ರಾಡ್‌ಫರ್ಡ್ ಎಂಬ ಊರಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಮದುವೆಗೆಂದು ದೊಡ್ಡ ರಜೆ ಹಾಕಿ ಬಂದವರು ದೀಪಾವಳಿ ಮುಗಿಸಿ ವಾಪಸಾದರು.

“ಹೋದ ಕೂಡ್ಲೆ ಅರ್ಜಿ ಹಾಕತೇನಿ,” ಅಂದಿದ್ದರು. “ಅಲ್ಲಿಯವರು ನಿನ್ನ ಮುಂಬೈಗೆ ಕರಸಿ ನಾಕ ಮಾತ ಕೇಳತಾರ. ವೀಸಾ ಕೊಡತಾರ. ವರ್ಷ ತುಂಬೂದ್ರಾಗ ನೀ ನನ್ನ ಹಂತ್ಯಾಕ ಇರತಿ.”

ಅವರು ಇಲ್ಲಿದ್ದ ಆ ತಿಂಗಳುಗಳಲ್ಲಿ ನಾನು ಸುಖವಾಗಿದ್ದೆ. ಈಗ ಅದನ್ನು ಇಲ್ಲ ಅನ್ನಲು ಹೋಗುವುದಿಲ್ಲ. ಆ ಮನುಷ್ಯ ನಗಿಸುತ್ತಿದ್ದ, ಮಾತಾಡಿಸುತ್ತಿದ್ದ, ಮನೆಯಲ್ಲಿ ಎಲ್ಲರ ಎದುರು ನನ್ನ ತಾಟಿಗೆ ತುಪ್ಪ ಹಾಕುತ್ತಿದ್ದ. ನೋಡಿ, ಸಿಟ್ಟಿನಲ್ಲಿ ಈಗಲೇ ಏಕವಚನಕ್ಕೆ ಇಳಿದುಬಿಟ್ಟೆ. ಅದಕ್ಕೂ ಸರದಿ ಇದೆ; ತುಸು ಹೊತ್ತು ‘ಅವರು’ ಅಂತಲೇ ಅನ್ನುತ್ತೇನೆ.

ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಒಂದು ದಿನ ಕೊಲ್ಹಾಪುರಕ್ಕೆ ಹೋದೆವು. ಫೋಟೋ ಆದಮೇಲೆ ರಂಕಾಳಾ ಕೆರೆಯ ದಂಡೆಗೆ ಕರೆದುಕೊಂಡು ಹೋದರು. ಭೇಳ ತಿನ್ನುತ್ತ ಕೂತಾಗ ಅವರಿಗೆ ಹುಕಿ ಬಂತು.

“ಒಂದ ಸಲ ನನ್ನ ಹೆಸರ ಹೇಳ ನೋಡೋಣು.”

“ಛೀ, ಹೋಗ್ರಿ. ನಿಮ್ಮ ಆಯುಷ್ಯ ಕಡಿಮಿ ಆಗತೈತಿ.”

“ವಿಲಾಯತ್ಯಾಗ ಹೆಂಗಸ್ರು ಗಂಡನ್ನ ಹೆಸರ ಹಿಡದ ಕರೀತಾರ. ಯಾರೂ ಸತ್ತಿಲ್ಲ.”

“ಅಲ್ಲಿ ಗಂಡಸ್ರು ಗಟ್ಟಿ ಇರಬೇಕ್ರಿ.”

ಅವರು ಜೋರಾಗಿ ನಕ್ಕರು. ದಂಡೆಯ ಮೇಲೆ ಹಚ್ಚೆ ಹಾಕುವವನೊಬ್ಬ ಬ್ಯಾಟರಿಯ ಯಂತ್ರ ಇಟ್ಟುಕೊಂಡು ಕೂತಿದ್ದ. “ಬಾಯಾಗ ಬ್ಯಾಡಾದ್ರ ಬ್ಯಾಡ. ಕೈಮ್ಯಾಲರ ಇರಲಿ,” ಅಂದು ನನ್ನನ್ನು ಅವನ ಮುಂದೆ ಕೂಡಿಸಿದರು. ಎಡಗೈಯ ಬಳೆಗಳನ್ನು ತಾವೇ ಮೇಲೆ ಸರಿಸಿ, ಸೂಜಿ ಚುಚ್ಚುವಾಗ ನನ್ನ ಮುಂಗೈ ಹಿಡಿದುಕೊಂಡರು. ನಾನು ಸ್ಸ್ ಅಂದಾಗಲೆಲ್ಲ ಅದರ ಮೇಲೆ ಊದಿದರು. ನಾಗರಿ ಅಕ್ಷರದಲ್ಲಿ ಅವರ ಹೆಸರು, ಅದರ ಕೆಳಗೆ ಒಂದು ಸಣ್ಣ ಹೂವು. ಮನೆಗೆ ಬಂದಾಗ ಕೈ ಬಾತಿತ್ತು. ಅತ್ತೆ ಅರಿಸಿನ ಹಚ್ಚುತ್ತ ಇಬ್ಬರಿಗೂ ಚೆನ್ನಾಗಿ ಬೈದರು.

ಮುಂಬೈಯಿಂದ ಕರೆ ಬಂದದ್ದು ಎಪ್ಪತ್ತೇಳರಲ್ಲಿ. ಭಾವನ ಜೊತೆ ರೈಲಿನಲ್ಲಿ ಹೋದೆ. ವೀಸಾ ಕೊಡುವ ಕಚೇರಿಯಲ್ಲಿ ಭಾವನನ್ನು ಹೊರಗೆ ಕೂಡಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ಮೇಜಿನ ಆಚೆ ಬಿಳಿಯ ಸಾಹೇಬ, ಪಕ್ಕದಲ್ಲಿ ಒಬ್ಬ ದುಭಾಷಿ. ದುಭಾಷಿ ಹಿಂದಿಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ, “ನಿಮ್ಮ ಗಂಡನ ಹೆಸರೇನು?”

ರೂಢಿಯಂತೆ ಪಕ್ಕಕ್ಕೆ ನೋಡಿದೆ. ಒಂದು ಪಕ್ಕದಲ್ಲಿ ಕಪಾಟು, ಇನ್ನೊಂದು ಪಕ್ಕದಲ್ಲಿ ಕಿಟಕಿ. ನನ್ನ ಪರವಾಗಿ ಹೆಸರು ಹೇಳುವವರು ಯಾರೂ ಇಲ್ಲ. ಒಡಪು ಹೇಳೋಣವೆಂದರೆ ಅದು ಹೆಂಗಸರ ನಡುವಿನ ಆಟ. ಇಬ್ಬರು ಪರಗಂಡಸರ ಮುಂದೆ ಕೂತು ಪ್ರಾಸ ಕಟ್ಟಲಾದೀತೇ? ದುಭಾಷಿ ಮತ್ತೆ ಕೇಳಿದ, ಮತ್ತೊಮ್ಮೆ ಕೇಳಿದ, ಅವನ ದನಿ ಬಿರುಸಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಆಗ ಥಟ್ಟನೆ ಕೈ ನೆನಪಾಯಿತು. ಬಳೆ ಮೇಲಕ್ಕೆ ಸರಿಸಿ ಮುಂಗೈಯನ್ನು ಮೇಜಿನ ಮೇಲೆ ಇಟ್ಟೆ.

ದುಭಾಷಿ ಓದಿ ಹೇಳಿದ. ಸಾಹೇಬ ಬಗ್ಗಿ ನೋಡಿ, ಎಲ್ಲಿ ಹಾಕಿಸಿದ್ದು, ಯಾರು ಹಾಕಿಸಿದ್ದು ಎಂದು ಕೇಳಿದ. ಕೊಲ್ಹಾಪುರದಲ್ಲಿ, ನಮ್ಮ ಮನೆಯವರೇ ಪಕ್ಕದಲ್ಲಿ ಕೂತು ಹಾಕಿಸಿದರು ಎಂದೆ. ಅವನು ನಗುತ್ತ ಬರೆದುಕೊಂಡ. ಹೊರಗೆ ಬಂದು ಭಾವನಿಗೆ, “ಗೆದ್ದ ಬಂದೇನ್ರಿ,” ಎಂದೆ. ವಾಪಸು ಬರುವಾಗ ರೈಲಿನಲ್ಲಿ ಕೂತು, ಬ್ರಾಡ್‌ಫರ್ಡಿನಲ್ಲಿ ಜೋಳದ ಹಿಟ್ಟು ಸಿಗುತ್ತದೋ ಇಲ್ಲವೋ ಎಂದು ಚಿಂತೆ ಮಾಡುತ್ತಿದ್ದೆ.

ಕೆಲವು ತಿಂಗಳ ಮೇಲೆ ವೀಸಾ ಇಲ್ಲ ಎಂದು ಬಂತು. ಅದರ ಬೆನ್ನಿಗೇ ನಮ್ಮ ಮನೆಯವರು ಭಾವನಿಗೆ ಬರೆದರು. ಗಂಡನ ಹೆಸರು ಕೇಳಿದರೆ ಅವಳು ಬಾಯಿ ಬಿಡಲಿಲ್ಲವಂತೆ. ಹೆಸರೇ ಹೇಳಲಾರದವಳನ್ನು ಹೆಂಡತಿ ಎಂದು ಹೇಗೆ ನಂಬುವುದು ಎಂದು ಇಲ್ಲಿಯ ಸರಕಾರ ತಿರುಗಿಸಿ ಹಾಕಿದೆ. ನಾನು ಇಲ್ಲಿ ಕಾಲಿಗೆ ಬಿದ್ದರೂ ಉಪಯೋಗವಾಗಲಿಲ್ಲ ಎಂದಿತ್ತು ಪತ್ರದಲ್ಲಿ. ಭಾವ ಅದನ್ನು ಪಡಸಾಲೆಯಲ್ಲಿ ನಿಂತು ಎಲ್ಲರೂ ಕೇಳುವಂತೆ ಓದಿದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಭೂಮಿ ಬಾಯ್ತೆರೆಯಬಾರದೇ ಅನ್ನಿಸಿತು. ನನ್ನ ಬಾಳನ್ನು ನನ್ನ ನಾಲಿಗೆಯೇ ಹಾಳು ಮಾಡಿತು ಎಂದು ಕಣ್ಣೀರು ಹಾಕಿದೆ.

ಸುದ್ದಿ ಕಬನೂರು ತುಂಬ ಹರಡಿತು. ಹಿಟ್ಟಿನ ಗಿರಣಿಯಲ್ಲಿ, ನಳದ ಹತ್ತಿರ, “ಹೆಸರ ಹೇಳಲಾರದಾಕಿ ಬಂದ್ಳು” ಅನ್ನತೊಡಗಿದರು. ತಮಾಷೆ ನೋಡಿ, ಹಾಗೆ ಅಂದವರಲ್ಲಿ ಒಬ್ಬಳಾದರೂ ತನ್ನ ಗಂಡನ ಹೆಸರು ಹೇಳಿದವಳಲ್ಲ.

ಆಗ ನನ್ನ ಪರವಾಗಿ ನಿಂತವರು ಅತ್ತೆ. ಒಂದು ಮಧ್ಯಾಹ್ನ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ನನ್ನ ಕೆಲಸ ಕಾಂಡಿ ತುಂಬುವುದು. ಲಾಳಿಯೊಳಗೆ ಕೂರುವ ಸಣ್ಣ ಕೋಲಿಗೆ ಯಂತ್ರದಲ್ಲಿ ನೂಲು ಸುತ್ತುವುದು. ಮಗ್ಗಗಳು ನಡೆಯುತ್ತಿದ್ದಾಗ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಮಾತು ಕೇಳಿಸದು.

“ಇಲ್ಲಿ ಕುಂತ ಹೇಳಾಕ ಕಲಿ,” ಎಂದು ಅತ್ತೆ ನನ್ನ ಕಿವಿಯಲ್ಲಿ ಕೂಗಿದರು. “ಯಾರಿಗೂ ಕೇಳಾಂಗಿಲ್ಲ.”

“ಅವರ ಆಯುಷ್ಯರೀ?”

“ಅದನ್ನ ನಾ ನೋಡಕೋತೇನಿ. ದಿನಾ ಬಸದ್ಯಾಗ ಅವನ ಹೆಸರಲೆ ಒಂದ ದೀಪಾ ಹಚ್ಚತೇನಿ. ನೀ ಇಲ್ಲಿ ಎಷ್ಟ ಕಡಿಮಿ ಮಾಡತಿ ಮಾಡು, ನಾ ಅಲ್ಲಿ ತುಂಬಸ್ತೇನಿ.”

ಹೀಗೆ ಶುರುವಾಯಿತು. ಮೊದಲಿಗೆ ಬರೀ ತುಟಿ ಆಡಿಸಿದೆ. ಆಮೇಲೆ ಮೊದಲಕ್ಷರ. ಅರ್ಧ ಹೆಸರಿಗೆ ಬಂದಾಗ ಕೈತಪ್ಪಿ ನೂಲು ಹರಿದು, ಮತ್ತೆ ಗಂಟು ಹಾಕಿಕೊಂಡು ಕೂರುತ್ತಿದ್ದೆ. ಅತ್ತೆ ಎದುರಿಗೆ ಕೂತು ನನ್ನ ಬಾಯನ್ನೇ ನೋಡುತ್ತ, ಇನ್ನೂ ಜೋರು ಎಂದು ಕೈಸನ್ನೆ ಮಾಡುತ್ತಿದ್ದರು. ಮಳೆಗಾಲ ಹೋಗಿ ಚಳಿಗಾಲ ಬರುವ ಹೊತ್ತಿಗೆ ಪೂರ್ತಿ ಹೆಸರು ಬಂತು. ಬಂದಮೇಲೆ ಅದರ ರುಚಿಯೂ ಹತ್ತಿತು! ಕಾಂಡಿ ಸುತ್ತುತ್ತ ಸುತ್ತುತ್ತ ದಿನವಿಡೀ ಹೇಳುತ್ತಿದ್ದೆ. ಅವರನ್ನು ಎದುರಿಗೆ ಕೂಡಿಸಿಕೊಂಡು ಮಾತಾಡಿಸಿದ ಹಾಗೆ ಇರುತ್ತಿತ್ತು.

ಒಂದು ದಿನ ಹೀಗೇ ಜೋರಾಗಿ ಒದರುತ್ತ ಕೂತಿದ್ದಾಗ ಫಕ್ಕನೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನನ್ನ ಬಾಯಿ ನಿಲ್ಲಲಿಲ್ಲ. ತಗಡಿನ ಶೆಡ್ಡಿನ ತುಂಬ ನನ್ನ ಗಂಡನ ಹೆಸರು ಖಣ್ ಎಂದು ಮೊಳಗಿತು. ನೇಕಾರರು ತಿರುಗಿ ನೋಡಿದರು. ಮಗ್ಗ ರಿಪೇರಿ ಮಾಡುವ ಗುರುಸಿದ್ದ ಕೈಯಲ್ಲಿ ಪಾನಾ ಹಿಡಿದುಕೊಂಡೇ, “ಎಲ್ಲಿ ಬಂದಾರ್ರಿ ಸಾವಕಾರು?” ಎಂದು ಬಾಗಿಲ ಕಡೆ ಓಡಿದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ನೂಲಿನ ಮೂಟೆಯ ಮೇಲೆ ಒರಗಿಬಿಟ್ಟರು. ಅವರನ್ನು ನೋಡಿ ನನಗೂ ನಗು ತಡೆಯಲಾಗಲಿಲ್ಲ. ಆ ಮನೆಯಲ್ಲಿ ನಾನು ಅಷ್ಟು ನಕ್ಕದ್ದು ಅದೇ ಕೊನೆ ಇರಬೇಕು.

ನಮ್ಮ ಮನೆಯವರು ಆಗಾಗ ಬರೆಯುತ್ತಿದ್ದರು. ಪ್ರತಿ ಸಲ ಕೊನೆಯಲ್ಲಿ, “ಹೆಸರ ಹೇಳಾಕ ಕಲಿತಿಲ್ಲೋ?” ಎಂದು ಒಂದು ಸಾಲು. ಕಲಿತೆ ಎಂದು ಬರೆದೆ. ಮತ್ತೆ ಅರ್ಜಿ ಹಾಕಿ ಎಂದು ಬರೆದೆ. ಗಿರಣಿಯಲ್ಲಿ ಕೆಲಸ ಜಾಸ್ತಿ, ಬಾಡಿಗೆ ಮನೆ ಸಣ್ಣದು, ಮುಂದಿನ ವರ್ಷ ನೋಡೋಣ ಎಂದು ಉತ್ತರ ಬರುತ್ತಿತ್ತು. ಕಡೆಗೆ ಅತ್ತೆಯೇ ನನ್ನಿಂದ ಬರೆಸಿದರು: ನೀ ಅರ್ಜಿ ಹಾಕದಿದ್ದರೆ ಮುಂದಿನ ದಸರೆಯಿಂದ ನಾನು ಒಪ್ಪತ್ತಿನ ಊಟ ಬಿಡುತ್ತೇನೆ, ಊರಿಗೆಲ್ಲ ಯಾಕೆಂದು ಹೇಳುತ್ತೇನೆ. ಅರ್ಜಿ ಹೋಯಿತು. ಎಂಬತ್ತರಲ್ಲಿ ಮುಂಬೈಯಿಂದ ಮತ್ತೆ ಕರೆ ಬಂತು.

“ಈ ಸಲ ನಾ ಬರತೇನಿ,” ಎಂದರು ಅತ್ತೆ. “ಬಾಳಗೊಂಡಗ ಬಾಯಿಲ್ಲ.”

ಕಚೇರಿಯಲ್ಲಿ ಅತ್ತೆಯನ್ನೂ ಹೊರಗೇ ಕೂಡಿಸಿದರು. ಈ ಸಲ ದುಭಾಷಿ ಮರಾಠಿ ಹೆಂಗಸು, ನಮ್ಮ ಅಕ್ಕನ ವಯಸ್ಸಿನವಳು. ಸಾಹೇಬನೂ ಬೇರೆ, ತಲೆ ನರೆತವನು. ಕೂತ ಕೂಡಲೇ ಗಂಡನ ಹೆಸರು ಕೇಳಿದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ.

“ಜಿನಪಾಲ ಬಾಬಗೊಂಡ ಪಾಟೀಲ!”

ಮಗ್ಗದ ಸದ್ದಿನಲ್ಲಿ ಕಲಿತ ದನಿ ಅದು. ಆಚೆ ಕೋಣೆಯಲ್ಲಿ ಟೈಪ್ ಹೊಡೆಯುತ್ತಿದ್ದವರು ನಿಲ್ಲಿಸಿದರು. ನಾನು ಸಾಹೇಬನ ಮುಖ ನೋಡಿದೆ. ಅವನು ತಲೆ ಸಹ ಎತ್ತಲಿಲ್ಲ. ಹ್ಞೂಂ ಎಂದು ಹಳೆಯ ಕಾಗದ ತಿರುವಿದ. ಇಷ್ಟು ವರ್ಷದ ನನ್ನ ಸಾಧನೆಗೆ ಅಷ್ಟೇ ಬೆಲೆ.

ಆಮೇಲೆ ಅವನು ಕೇಳಿದ್ದು ಎಡಗೈ ತೋರಿಸು ಎಂದು. ತೋರಿಸಿದೆ. ತುಂಬ ಹೊತ್ತು ನೋಡಿದ. ಯಾವಾಗ, ಎಲ್ಲಿ, ಯಾರ ಎದುರು ಎಂದು ಮತ್ತೆ ಕೇಳಿದ. ಹೇಳಿದೆ. ಅವನು ದುಭಾಷಿ ಹೆಂಗಸಿನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ. ಅವಳು ಪೆನ್ನು ಕೆಳಗಿಟ್ಟಳು.

“ಬಾಈ,” ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು, “ಹೋದ ಸಲ ನಿಮಗೆ ಯಾಕೆ ಇಲ್ಲ ಅಂದರು, ಗೊತ್ತಿದೆಯೇ?”

“ಹೆಸರು ಹೇಳಲಿಲ್ಲ. ಅದಕ್ಕೇ. ಈಗ ಕಲಿತು ಬಂದಿದ್ದೇನೆ. ಬೇಕಾದರೆ ಇನ್ನೊಮ್ಮೆ ಕೇಳಿ.”

ಅವಳು ನನ್ನ ಮುಖ ನೋಡಲಾರದೆ ಸಾಹೇಬನ ಕಡೆ ತಿರುಗಿದಳು. ಅವನು ಹೇಳಿದ್ದನ್ನು ಒಂದೊಂದಾಗಿ ನನಗೆ ಹೇಳಿದಳು. ಹೆಸರು ಹೇಳದ್ದಕ್ಕೆ ಇಲ್ಲಿ ಯಾರಿಗೂ ಇಲ್ಲ ಅನ್ನುವುದಿಲ್ಲ. ಇಲ್ಲಿಗೆ ಬರುವ ಎಷ್ಟೋ ಹೆಂಗಸರು ಹೇಳುವುದಿಲ್ಲ. ಅದು ನಿಮ್ಮ ರೂಢಿ ಎಂದು ಇವರಿಗೆಲ್ಲ ಗೊತ್ತು. ಹೋದ ಸಲದ ಸಾಹೇಬರು ಅದನ್ನೇ ಬರೆದಿದ್ದಾರೆ. ಹಚ್ಚೆಯ ವಿಷಯವನ್ನು ಮಾತ್ರ ತಾಳೆ ನೋಡಲೆಂದು ವಿಲಾಯತಿಗೆ ತಿಳಿಸಿದರು. ಅಲ್ಲಿ ನಿಮ್ಮ ಗಂಡನನ್ನು ಕರೆಸಿ, ನಿಮ್ಮ ಹೆಂಡತಿಯ ಮೈಮೇಲೆ ಏನಾದರೂ ಗುರುತು ಇದೆಯೇ ಎಂದು ಕೇಳಿದರು.

“ಇಲ್ಲ ಅಂದರು, ಬಾಈ. ನನ್ನ ಹೆಂಡತಿಯ ಕೈಮೇಲೆ ಯಾವ ಹಚ್ಚೆಯೂ ಇಲ್ಲ. ಹಚ್ಚೆ ಇದ್ದವಳು ಬಂದರೆ ಅವಳು ನನ್ನ ಹೆಂಡತಿ ಅಲ್ಲ, ಊರಲ್ಲಿರುವ ನಮ್ಮ ಮನೆಮಂದಿ ಬೇರೆ ಯಾರನ್ನೋ ಕಳಿಸುತ್ತಿದ್ದಾರೆ. ಹೀಗೆ ಹೇಳಿದರು. ಈ ಸಲ ಕೇಳಿದಾಗಲೂ ಅದನ್ನೇ ಹೇಳಿದ್ದಾರೆ.”

“ಮರೆತಿರಬೇಕು,” ಎಂದೆ. ನನ್ನ ಬಾಯಿಗೆ ಮೊದಲು ಬಂದದ್ದು ಅದೇ. “ಗಂಡಸರಿಗೆ ಇಂಥವೆಲ್ಲ ನೆನಪಿರುವುದಿಲ್ಲ.”

ನನ್ನ ಮುಂಗೈ ಇನ್ನೂ ಮೇಜಿನ ಮೇಲೆಯೇ ಇತ್ತು. ಹೂವಿನ ಹತ್ತಿರ ಸೂಜಿ ಬಂದಾಗ ಎಲ್ಲಕ್ಕಿಂತ ಹೆಚ್ಚು ಉರಿದಿತ್ತು. ಆಗ ಅವರು ಅದರ ಮೇಲೆ ಬಗ್ಗಿ ಊದಿದ್ದು, ಅವರ ಬಾಯಿಂದ ಭೇಳದ ಉಳ್ಳಾಗಡ್ಡಿಯ ವಾಸನೆ ಬಂದದ್ದು, ನಾನು ನಕ್ಕದ್ದು, ಎಲ್ಲ ಕಣ್ಣ ಮುಂದೆ ಬಂತು. ಇದನ್ನು ಯಾವ ಗಂಡಸೂ ಮರೆಯುವುದಿಲ್ಲ. ಮರೆತವನಾದರೆ ‘ನೆನಪಿಲ್ಲ’ ಅನ್ನುತ್ತಾನೆ. ‘ಹಚ್ಚೆ ಇದ್ದವಳು ನನ್ನ ಹೆಂಡತಿಯೇ ಅಲ್ಲ’ ಎಂದು ಮುಂದಾಗಿ ಹೇಳುವುದಿಲ್ಲ. ಜಿನಪಾಲ ಮರೆತಿರಲಿಲ್ಲ; ನಾನು ಅಲ್ಲಿಗೆ ಬರಬಾರದೆಂದೇ ಎರಡು ಸಲವೂ ಅವನು ಸುಳ್ಳು ಹೇಳಿದ್ದ.